ಗೌಡ್ರ ನಾಲಿಗೆ, ಅಕ್ಕನ ಸೌಟು

ಗ್ರೈಂಡರ್ ರಿಪೇರಿಗೆ ಹೋದವನನ್ನು ಊಟ ಹಾಕದೆ ಕಳಿಸುವ ಮನೆಯನ್ನು ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಇನ್ನೂ ಯಾರೂ ಕಟ್ಟಿಸಿಲ್ಲ. ಹಾಗಾಗಿ ನನಗೆ ಇಂಥ ಊಟಗಳು ಆಗುತ್ತಲೇ ಇರುತ್ತವೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ರಿಪೇರಿ ಆದ ಗ್ರೈಂಡರ್ ಸರಿಯಾಗಿ ಓಡುತ್ತದೆಯೋ ಎಂದು ನೋಡಬೇಕಾದರೆ ಅದಕ್ಕೆ ಏನಾದರೂ ಹಾಕಬೇಕು. ಹಾಕಿದ್ದು ಅರೆದ ಮೇಲೆ ಬೇಯಿಸಬೇಕು. ಬೇಯಿಸಿದ್ದನ್ನು ಬಿಸಾಡಲಿಕ್ಕೆ ಆಗುತ್ತದೆಯೇ? ಆದ್ದರಿಂದ ನಾನು ಕೂತು ತಿನ್ನುತ್ತೇನೆ. ಇದೂ ನನ್ನ ಕೆಲಸದ ಭಾಗವೇ ಎಂದು ಹೆಂಡತಿಗೆ ತಿಳಿಸಿ ಹೇಳಿದ್ದೇನೆ. ಅವಳು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ಕೆಲಸ ಒಳ್ಳೆ ಬೆಳೆದಿದೆ" ಎಂದಳು.

ನಾನು ಹೊಗಳುವ ಜನ. ಇದು ನಾಟಕ ಅಲ್ಲ. ಒಂದೇ ಅಕ್ಕಿ, ಒಂದೇ ತೆಂಗಿನಕಾಯಿ, ಒಂದೇ ನೀರು. ಆದರೂ ಒಂದು ಮನೆಯ ರುಚಿ ಇನ್ನೊಂದು ಮನೆಯಲ್ಲಿ ಇರುವುದಿಲ್ಲ. ಇಷ್ಟು ವರ್ಷ ಇದೇ ಮನೆಗಳ ಅಡಿಗೆಕೋಣೆಯ ನೆಲದಲ್ಲಿ ಕೂತು ಸ್ಪ್ಯಾನರ್ ತಿರುಗಿಸಿದರೂ ನನಗೆ ಆ ಆಶ್ಚರ್ಯ ಕಮ್ಮಿ ಆಗಿಲ್ಲ.

ಕೆದಂಬಾಡಿಯ ಹಾಳಾಗದ ಗ್ರೈಂಡರ್

ಕೆದಂಬಾಡಿಯ ಒಂದು ಮನೆಯಲ್ಲಿ ಗ್ರೈಂಡರಿನ ಬೆಲ್ಟ್ ಬದಲಿಸಿ, ನೆನೆಸಿಟ್ಟ ಅಕ್ಕಿ ಹಾಕಿ ಓಡಿಸಿದೆ. ಆ ಹಿಟ್ಟಿನಿಂದ ನೀರುದೋಸೆ ಆಯಿತು. ದೋಸೆಯನ್ನು ಬೆಳಕಿಗೆ ಹಿಡಿದರೆ ಆಚೆ ಕಡೆ ನಿಂತ ಮನೆಯೊಡತಿಯ ಮೂಗುಬೊಟ್ಟು ಕಾಣುತ್ತಿತ್ತು. ಕಾಯಿ, ಬೆಲ್ಲ ಕಲಸಿದ್ದನ್ನು ಅದರೊಳಗೆ ಇಟ್ಟು ಬಾಯಿಗೆ ಹಾಕಿದೆ. ಅಗಿಯಬೇಕೆಂದು ಹೊರಡುವಷ್ಟರಲ್ಲಿ ಅದು ಇಳಿದು ಹೋಗಿತ್ತು. ನಾನು ಇನ್ನೊಂದಕ್ಕೆ ಕೈ ಚಾಚಿದೆ. ಆಮೇಲೆ ಬಾಯಿ ತುಂಬ ಹೊಗಳಿದೆ. ನನ್ನ ಸ್ವರ ಸ್ವಲ್ಪ ದೊಡ್ಡದು.

ಮರುದಿನ ಬೆಳಿಗ್ಗೆ ಅದರ ಆಚೆ ಮನೆಯಿಂದ ಫೋನು. "ನಮ್ಮ ಗ್ರೈಂಡರೂ ಹಾಳಾಗಿದೆ. ಬೇಗ ಬನ್ನಿ. ತಿಂಡಿ ತಿಂದು ಬರ್ಬೇಡಿ."

ಹೋದೆ. ಮೇಜಿನ ಮೇಲೆ ಬಿಸಿ ಸೇಮಿಗೆ, ಬಾಳೆಹಣ್ಣಿನ ರಸಾಯನ, ಕಾಯಿ ಅರೆದು ಮಾಡಿದ ಕಡಲೆ ಗಸಿ. ಗ್ರೈಂಡರಿನ ಸ್ವಿಚ್ ಹಾಕಿದರೆ ಅದು ಹೊಸ ಮೊಮ್ಮಗುವಿನ ಹಾಗೆ ನಗುತ್ತಾ ತಿರುಗಿತು.

"ಇದಕ್ಕೆ ಎಂತ ಆಗಿದೆ ಅಮ್ಮ?"

"ಅದಕ್ಕೆ ಎಂತ ಆಗ್ಲಿಕ್ಕೆ? ನಿನ್ನೆ ನೀವು ಅವರ ದೋಸೆಯನ್ನು ಹೊಗಳಿದ್ದು ಇಲ್ಲಿಗೆ ಕೇಳಿತು. ಕೂತುಕೊಳ್ಳಿ."

ಕೂತೆ. ಸೇಮಿಗೆಯ ಎಳೆಗಳು ಒಂದಕ್ಕೊಂದು ಅಂಟಿರಲಿಲ್ಲ, ಬಿಟ್ಟೂ ಇರಲಿಲ್ಲ. ರಸಾಯನಕ್ಕೆ ಅದ್ದಿ ಮೊದಲ ತುತ್ತು ತಿಂದು, ನಿಜವಾಗಿಯೂ ಕಣ್ಣು ಮುಚ್ಚಿ, ಬಾಯಿ ತೆರೆಯುವುದರಲ್ಲಿದ್ದೆ.

"ಸ್ವಲ್ಪ ತಡೆಯಿರಿ" ಎಂದರು ಅವರು. ಹೋಗಿ ಆಚೆ ಮನೆಯ ಕಡೆಗಿದ್ದ ಕಿಟಕಿಯ ಎರಡೂ ಬಾಗಿಲು ತೆರೆದು ಬಂದರು. "ಈಗ ಹೇಳಿ. ಹೇಗುಂಟು?"

ಕಬಕದ ಹೋಟೆಲಿನ ಕರಾರು

ನನ್ನ ಪಿಕಪ್ ಓಡಿಸುವವರು ಸುಳ್ಯ ಕಡೆಯ ಒಬ್ಬ ಗೌಡ್ರು. ಮನೆಮಾತು ಅರೆಭಾಷೆ, ನಾಲಿಗೆ ಮಾತ್ರ ಪೂರ್ತಿ. ನಾನು ಹೊಗಳುವವನಾದರೆ ಅವರು ಕೊರತೆ ಹೇಳುವವರು. ಕೆಟ್ಟ ಮನಸ್ಸಿನಿಂದ ಅಲ್ಲ. ರುಚಿಯಲ್ಲಿ ಏನೋ ತಪ್ಪಿದೆ ಅಂತ ಕಂಡರೆ, ದಾರಿಯಲ್ಲಿ ಬಿದ್ದ ಮುಳ್ಳನ್ನು ನಾವು ಬದಿಗೆ ಹಾಕುವಂತೆ, ಅದನ್ನು ಹೇಳಿ ಮುಗಿಸದೆ ಅವರಿಗೆ ಮುಂದೆ ಹೋಗಲಿಕ್ಕೆ ಆಗುವುದಿಲ್ಲ.

ಕಬಕದ ಒಂದು ಸಣ್ಣ ಹೋಟೆಲಿನಲ್ಲಿ ನಾವು ಗೋಳಿಬಜೆ ತಿನ್ನುತ್ತೇವೆ. ಒಂದು ದಿನ ಗೌಡ್ರು ಒಂದನ್ನು ಮುರಿದು, ಮೂಸಿ, ಅರ್ಧ ತಿಂದು, ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದ ಯಜಮಾನರಿಗೆ ಕೇಳುವ ಹಾಗೆ ಹೇಳಿದರು: "ಮಜ್ಜಿಗೆ ಇವತ್ತು ಬೇರೆ ಮನೆಯದ್ದು."

ಯಜಮಾನರು ಎದ್ದು ಬಂದರು. "ಯಾರು ಹೇಳಿದ್ದು ನಿಮಗೆ?"

"ಬಜೆ ಹೇಳಿತು."

ವಿಷಯ ನಿಜ. ದಿನಾ ಮಜ್ಜಿಗೆ ಕೊಡುವ ಮನೆಯವರು ಆ ದಿನ ಮದುವೆಗೆ ಹೋಗಿದ್ದರಂತೆ. ಹಿಟ್ಟಿನಲ್ಲಿ ಕಲಸಿ, ಹುಳಿ ಬರಿಸಿ, ಎಣ್ಣೆಯಲ್ಲಿ ಕರಿದ ಮೇಲೂ ಆ ಮಜ್ಜಿಗೆ ಯಾರ ಮನೆಯದ್ದೆಂದು ಒಂದು ನಾಲಿಗೆಗೆ ತಿಳಿಯುವುದೆಂದರೆ ಅದು ದೇವರು ಕೊಟ್ಟದ್ದೇ. ಆದರೆ ಅಲ್ಲಿ ಬಜೆ ತಿನ್ನುತ್ತಿದ್ದವರೆಲ್ಲ ತಮ್ಮ ತಮ್ಮ ತಟ್ಟೆಯನ್ನು ಮೂಸಲಿಕ್ಕೆ ಶುರು ಮಾಡಿದರು. ಮರುದಿನ ಯಜಮಾನರು ಗೌಡ್ರಿಗೆ ಅಡಿಗೆಕೋಣೆಯ ಬಾಗಿಲ ಹತ್ತಿರವೇ ಒಂದು ಕುರ್ಚಿ ಹಾಕಿಸಿಕೊಟ್ಟರು. ಚಾ ಪುಕ್ಕಟೆ. ಕರಾರು ಒಂದೇ: "ನಿಮ್ಮ ಬಾಯಿ ಇಲ್ಲಿ ತಿನ್ಲಿಕ್ಕೆ ಮಾತ್ರ ತೆರೀಬೇಕು ಮಾರಾಯ್ರೆ."

ನಗು ಬಂತು. ಆದರೆ ವಾಪಸು ಬರುವಾಗ ಗೌಡ್ರು ಗಾಡಿಯಲ್ಲಿ ತಾವಾಗಿಯೇ ಒಂದು ವಿಷಯ ಹೇಳಿದರು. ಇದೇ ನಾಲಿಗೆಯಿಂದ ಅವರು ತಮ್ಮ ಅಕ್ಕನನ್ನು ಕಳೆದುಕೊಂಡಿದ್ದರು. ಕೆಲವು ವರ್ಷದ ಹಿಂದೆ ಅಕ್ಕನ ಮಗಳ ನಿಶ್ಚಿತಾರ್ಥ. ಪಾಯಸ ಅಕ್ಕನ ಕೈಯದ್ದು. ಗಂಡಿನ ಕಡೆಯವರು ಮೂರನೇ ಲೋಟಕ್ಕೆ ಕೈ ಚಾಚುತ್ತಿದ್ದಾಗ ಈ ತಮ್ಮ, "ಅಕ್ಕ, ಇದು ಅಡಿ ಹಿಡಿದಿದೆ" ಅಂದುಬಿಟ್ಟರು. ಚಾಚಿದ ಕೈಗಳು ಹಿಂದೆ ಹೋದವು. ಮದುವೆಗೆ ಏನೂ ತೊಂದರೆ ಆಗಲಿಲ್ಲ. ಆದರೆ ಆ ದಿನ ಸಂಜೆ ಅಕ್ಕ, "ಇನ್ನು ನನ್ನ ಕೈಯದ್ದು ನಿನಗೆ ಬೇಡ" ಎಂದವರು ಮತ್ತೆ ತಮ್ಮನ ಹತ್ತಿರ ಮಾತಾಡಲಿಲ್ಲ. ತಾಯಿ ಬೇಗ ಹೋದ ಮೇಲೆ ಗೌಡ್ರಿಗೆ ಉಣಿಸಿ ಬೆಳೆಸಿದ್ದು ಆ ಅಕ್ಕನೇ.

"ಹೋಗಿ ತಪ್ಪಾಯ್ತು ಹೇಳ್ಲಿಕ್ಕೆ ಆಗುದಿಲ್ವಾ?" ಎಂದೆ.

"ಹೇಳ್ಬಹುದು. ಆದ್ರೆ ಅಡಿ ಹಿಡಿದದ್ದು ಹೌದಲ್ಲ" ಎಂದರು ಗೌಡ್ರು.

ನಾಳೆ ಬನ್ನಿ

ಕಡಬದಿಂದ ನೆಲ್ಯಾಡಿ ಕಡೆಗೆ ಹೋಗುವ ದಾರಿಯಲ್ಲಿ ರಬ್ಬರ್ ತೋಟದ ನಡುವೆ ಒಂದು ಕ್ರಿಶ್ಚಿಯನ್ ಮನೆ. ಹಿರಿಯರು ಕೇರಳದಿಂದ ಬಂದು ನೆಲೆಸಿದವರು. ಅಲ್ಲಿಯ ಅಜ್ಜಿಯನ್ನು ಎಲ್ಲರೂ ಅಮ್ಮಚ್ಚಿ ಎನ್ನುತ್ತಾರೆ. ಗ್ರೈಂಡರ್ ಸರಿ ಮಾಡಿ ಕೈ ತೊಳೆಯುವಷ್ಟರಲ್ಲಿ ಬೇಯಿಸಿದ ಮರಗೆಣಸು, ಮಣ್ಣಿನ ಚಟ್ಟಿಯಲ್ಲಿ ಕೆಂಪು ಮೀನುಸಾರು ಬಂತು. ಹುಳಿಗೆ ಅವರು ಹಾಕುವುದು ಹೊಗೆಯಲ್ಲಿ ಒಣಗಿಸಿದ ಒಂದು ಕಪ್ಪು ಸಿಪ್ಪೆ. ಆ ಹುಳಿ ನಾಲಿಗೆಯನ್ನು ಹಿಡಿಯುವುದಿಲ್ಲ, ಗಂಟಲಿನವರೆಗೆ ಕೈ ಹಿಡಿದು ಕರೆದುಕೊಂಡು ಹೋಗುತ್ತದೆ. ನನಗೆ ಬೆವರು, ಕಣ್ಣೀರು ಎರಡೂ ಬಂದವು. ಯಾವುದು ಖಾರಕ್ಕೆ, ಯಾವುದು ಸಂತೋಷಕ್ಕೆ ಎಂದು ಗೊತ್ತಾಗಲಿಲ್ಲ.

ನನಗೆ ಹೆದರಿಕೆ ಗೌಡ್ರ ನಾಲಿಗೆಯದ್ದು. ಮೇಜಿನ ಕೆಳಗೆ ಅವರ ಕಾಲು ತುಳಿದೆ. ಪ್ರಯೋಜನ ಆಗಲಿಲ್ಲ.

"ಅಮ್ಮಚ್ಚಿ, ಇದು ನಿನ್ನೆಯ ಸಾರು ಅಲ್ವಾ?"

ಆಯಿತು, ಇನ್ನು ಈ ಮನೆಯೂ ಹೋಯಿತು ಎಂದುಕೊಂಡೆ. ಅಮ್ಮಚ್ಚಿ ಸೌಟು ಕೆಳಗಿಟ್ಟರು. ಕನ್ನಡಕ ಸರಿಮಾಡಿ ಗೌಡ್ರ ಮುಖ ನೋಡಿದರು. ಮತ್ತೆ ಅವರ ತಟ್ಟೆಗೆ ಮೀನಿನ ದೊಡ್ಡ ತುಂಡು ಹಾಕಿದರು.

"ಹೌದು ಮೋನೇ, ಹೌದು ಮಗ. ನಿನ್ನೆಯದ್ದೇ. ಮೀನಿನ ಒಳಗೆ ಸಾರು ಹೋಗ್ಲಿಕ್ಕೆ ಒಂದು ರಾತ್ರಿ ಬೇಕು. ಇಷ್ಟು ಜನ ಬಂದು ತಿಂದು ಹೋದ್ರು, ಗೊತ್ತಾದದ್ದು ನಿನಗೆ ಒಬ್ಬನಿಗೆ."

ಗೌಡ್ರು ತಲೆ ತಗ್ಗಿಸಿದರು. ಹೀಗೆ ತಮ್ಮ ನಾಲಿಗೆಯನ್ನು ಒಬ್ಬರು ಮೆಚ್ಚಿದ್ದನ್ನು ಅವರು ಕೇಳಿ ಎಷ್ಟು ಕಾಲವಾಗಿತ್ತೋ. ನಾನು ಧೈರ್ಯ ಮಾಡಿ, ಒಲೆಯ ಮೇಲೆ ಇನ್ನೊಂದು ಚಟ್ಟಿ ಕುದಿಯುತ್ತಾ ಇದೆಯಲ್ಲ, ಅದು ಎಂತ ಎಂದು ಕೇಳಿದೆ.

"ಅದು ಇವತ್ತಿನದ್ದು. ಇವತ್ತಿನದ್ದು ತಿನ್ಬೇಕಾದ್ರೆ ನಾಳೆ ಬನ್ನಿ."

ಆ ದಿನ ನಾನು ಅಲ್ಲಿ ನನ್ನ ಸ್ಪ್ಯಾನರನ್ನು ಮರೆತು ಬಂದೆ. ಎಲ್ಲಿ ಮರೆಯಬೇಕೆಂದು ಗೌಡ್ರೇ ಜಾಗ ತೋರಿಸಿದ್ದರು.

ಗಾಡಿಯಲ್ಲಿ ಇರುವವರು

ಮಳೆಗಾಲದಲ್ಲಿ ಸುಳ್ಯದ ಆಚೆಯಿಂದ ಒಬ್ಬ ಹೆಂಗಸಿನ ಫೋನು ಬಂತು. ಗ್ರೈಂಡರಿನ ಕಲ್ಲು ಅಲ್ಲಾಡುತ್ತದಂತೆ. ನಾನು ವಿಳಾಸ ಹೇಳಿದಾಗ ಗೌಡ್ರು ಸ್ಟಿಯರಿಂಗ್ ಹಿಡಿದೇ ಕಲ್ಲಾದರು. ಅದು ಅಕ್ಕನ ಮನೆ.

"ನೀವು ಹೋಗಿ. ನಾನು ಗೇಟಿನ ಹೊರಗೆ ಇರ್ತೇನೆ" ಎಂದರು.

ಅಕ್ಕ ಗಟ್ಟಿಮುಟ್ಟಾದ ಹೆಂಗಸು, ಮಾತು ಕಮ್ಮಿ. ಗಾಡಿ ಯಾರದ್ದು, ಓಡಿಸುವವರು ಯಾರು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಗೇಟಿನ ಕಡೆ ಒಮ್ಮೆಯೂ ನೋಡಲಿಲ್ಲ. ಕೆಲಸ ಮುಗಿದ ಮೇಲೆ ನನಗೆ ಕುಚ್ಚಲಕ್ಕಿ ಅನ್ನ, ಕಣಿಲೆ ಮತ್ತು ಹೆಸರುಕಾಳಿನ ಪದಾರ್ಥ ಬಡಿಸಿದರು. ಎಳೆ ಬಿದಿರನ್ನು ಹೆಚ್ಚಿ, ದಿನಾ ನೀರು ಬದಲಿಸಿ ನೆನೆಸಿ, ಅದರ ಕಹಿಯನ್ನು ಕಳೆದ ಮೇಲೆ ಮಾಡುವ ಪದಾರ್ಥ ಅದು. ಕಾಡಿನ ಒಂದು ಬಿದಿರನ್ನು ಹೀಗೆ ಅಕ್ಕಿಯ ಪಕ್ಕದಲ್ಲಿ ತಂದು ಕೂರಿಸಬಹುದು ಎಂದು ಮೊದಲು ಯೋಚಿಸಿದವರು ಯಾರೋ, ಅವರಿಗೆ ನಾನು ಕೂತಲ್ಲಿಂದಲೇ ಕೈ ಮುಗಿದೆ. ಇಂಥ ಊಟ ಬಿಟ್ಟು ಗೌಡ್ರು ಇಷ್ಟು ವರ್ಷ ಹೇಗೆ ಇದ್ದರು ಎಂದು ಸಂಕಟವೂ ಆಯಿತು.

ಹೊರಡುವಾಗ ಅಕ್ಕ ಬಾಳೆಲೆಯಲ್ಲಿ ಕಟ್ಟಿದ ಒಂದು ಪೊಟ್ಟಣ ಕೊಟ್ಟರು. "ಗಾಡಿಯಲ್ಲಿ ಯಾರೋ ಇದ್ದಾರಲ್ಲ, ಅವರಿಗೆ. ಯಾರು ಅಂತ ನನಗೆ ಗೊತ್ತಿಲ್ಲ."

ಗೌಡ್ರು ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿ ಉಂಡರು. ಕಣ್ಣಲ್ಲಿ ನೀರು. ಎಲೆಯನ್ನು ಬೆರಳಿನಿಂದ ಒರೆಸಿ ನೆಕ್ಕಿದರು. ಆಮೇಲೆ ಮೂಗು ಒರೆಸಿಕೊಂಡು, "ಕಣಿಲೆ ಇನ್ನು ಒಂದು ದಿನ ನೀರಲ್ಲಿ ಇರ್ಬೇಕಿತ್ತು" ಎಂದರು.

ಸಂಜೆ ಅಕ್ಕನ ಫೋನು. ಕಲ್ಲು ಸರಿ ತಿರುಗುತ್ತಿದೆ ಎಂದರು. ಮತ್ತೆ, "ಆ ಡ್ರೈವರ್ ಊಟದ ವಿಷಯ ಎಂತ ಹೇಳಿದ್ರು?" ಎಂದು ಕೇಳಿದರು.

ಒಡೆದ ಮನೆಯನ್ನು ಜೋಡಿಸುವ ಅವಕಾಶ ನನಗೆ ಯಾವಾಗ ಸಿಗಬೇಕು? "ಒಂದು ಮಾತು ಆಚೆ ಈಚೆ ಇಲ್ಲ ಅಕ್ಕ. ಭಾರಿ ಒಳ್ಳೆದುಂಟು ಹೇಳಿದ್ರು" ಎಂದೆ.

"ಸುಳ್ಳು ಹೇಳ್ಬೇಡಿ ಮಾರಾಯ್ರೆ. ಅವ ಹಾಗೆ ಹೇಳುವ ಜನ ಆಗಿದ್ರೆ ನಾನು ಇಷ್ಟು ವರ್ಷ ಮಾತು ಬಿಡ್ತಿದ್ದೆನಾ?"

ಹೊಸ ಅಕ್ಕಿ

ಮಳೆ ಕಮ್ಮಿಯಾಗಿ ಗದ್ದೆಯಲ್ಲಿ ತೆನೆ ಬಲಿತ ಮೇಲೆ ಮನೆಮನೆಯಲ್ಲಿ ಹೊಸ ಅಕ್ಕಿ ಊಟ. ಗೌಡ್ರ ಸೋದರಮಾವನ ಮನೆಯಿಂದ ಬೆಳಿಗ್ಗೆಯೇ ಫೋನು ಬಂತು: ಗ್ರೈಂಡರ್ ನಿಂತಿದೆ, ಇಷ್ಟು ಬಗೆಯ ಪದಾರ್ಥಕ್ಕೆ ಕಾಯಿ ಅರೆಯುವುದು ಹೇಗೆ, ಕೂಡಲೇ ಬನ್ನಿ, ಅಳಿಯನನ್ನೂ ಕರೆದುಕೊಂಡು ಊಟಕ್ಕೇ ಬನ್ನಿ.

ಅಂಗಳಕ್ಕೆ ಹೋದಾಗ ಗೊತ್ತಾಯಿತು, ಅತ್ತೆ ಬಿದ್ದು ಕೈಗೆ ಪಟ್ಟಿ ಹಾಕಿಸಿಕೊಂಡಿದ್ದರಿಂದ ಅಡಿಗೆಗೆ ಬಂದವರು ಅಕ್ಕ. ಒಳಗಿನಿಂದ ಅವರ ಸ್ವರ ಕೇಳಿದ್ದೇ ತಡ, ಗೌಡ್ರು ಗಾಡಿಯ ಬಾಗಿಲನ್ನು ಮತ್ತೆ ಹಾಕಿಕೊಂಡರು. ಮಾವ ಕೋಲು ಊರಿಕೊಂಡು ಬಂದು ಗಾಜಿಗೆ ತಟ್ಟಿದರು. "ಹೊಸತು ಉಣ್ಲಿಕ್ಕೆ ಬಂದು ಗಾಡಿಯಲ್ಲಿ ಕೂತವರನ್ನು ನಾನು ಇಲ್ಲಿವರೆಗೆ ನೋಡಿಲ್ಲ. ಇಳಿ."

ನಾನು ಬೆಲ್ಟ್ ಹಿಡಿದುಕೊಂಡು ಅಡಿಗೆಕೋಣೆಗೆ ನುಗ್ಗಿದೆ, ಎರಡು ಸಲ ಅಕ್ಕನ ಕಾಲಿಗೆ ಅಡ್ಡ ಬಂದೆ, ಬೈಸಿಕೊಂಡೆ, ಅಂತೂ ಗ್ರೈಂಡರ್ ಓಡಿತು. ಅಡಿಗೆ ಆಯಿತು. ತೀರಿಹೋದ ಹಿರಿಯರಿಗೆ ಎಡೆ ಇಟ್ಟಾಯಿತು. ನಾವೆಲ್ಲ ಸಾಲಾಗಿ ಎಲೆಯ ಮುಂದೆ ಕೂತೆವು. ಹೊಸ ಅಕ್ಕಿಯ ಅನ್ನದ ಆ ಪರಿಮಳವನ್ನು ಹೇಗೆ ಹೇಳಲಿ? ಅಕ್ಕಿಗೆ ಒಂದು ವಾಸನೆ ಉಂಟು ಎಂಬುದೇ ವರ್ಷವಿಡೀ ಮರೆತುಹೋಗಿರುತ್ತದೆ. ಅದು ಮೂಗಿಗೆ ಬಂದ ಕೂಡಲೇ ನನ್ನ ಹೊಟ್ಟೆ ಎಲ್ಲರಿಗೂ ಕೇಳುವಂತೆ ಮಾತಾಡಿತು.

ಆದರೆ ಹೊಸತಿನ ಊಟಕ್ಕೆ ಒಂದು ಕ್ರಮ ಉಂಟು. ಮೊದಲ ತುತ್ತಿಗೆ ಮುಂಚೆ ಅಲ್ಲಿರುವ ಒಬ್ಬೊಬ್ಬ ಹಿರಿಯರಿಗೂ "ಹೊಸತು ಉಣ್ತೇನೆ" ಎಂದು ಹೇಳಬೇಕು. ಅವರು "ಉಣ್ಣು" ಎನ್ನಬೇಕು. ಸಾಲಿನಲ್ಲಿ ಒಬ್ಬರದ್ದು ಬಾಕಿ ಇದ್ದರೂ ಯಾರೂ ಎಲೆಗೆ ಕೈ ಹಾಕುವುದಿಲ್ಲ. ನಾವೆಲ್ಲ ಹೇಳಿ ಮುಗಿಸಿದೆವು. ಗೌಡ್ರು ಮಾವನಿಗೆ ಹೇಳಿದರು, ಅತ್ತೆಗೆ ಹೇಳಿದರು. ಇನ್ನು ಉಳಿದ ಹಿರಿಯರು ಒಬ್ಬರೇ. ಅವರು ಅನ್ನದ ಪಾತ್ರೆ ಹಿಡಿದುಕೊಂಡು ತಮ್ಮನ ಎಲೆಯ ಮುಂದೆಯೇ ನಿಂತಿದ್ದರು. ಸೌಟು ಎಲೆಯ ಮೇಲೆ ಬಂದು ನಿಂತಿತ್ತು, ಬಗ್ಗಲಿಲ್ಲ.

ಗೌಡ್ರು ಎಲೆ ನೋಡಿಕೊಂಡು, "ಎಲ್ಲರಿಗೂ ಹೇಳಿದ ಹಾಗೆ ಆಯ್ತು" ಎಂದರು.

"ಹೊಸತಿಗೆ ಹೋಲ್‌ಸೇಲ್ ಇಲ್ಲ" ಎಂದರು ಮಾವ.

ಗೌಡ್ರು ತಲೆ ಎತ್ತಿದರು. "ಅಕ್ಕ, ನಾನು ಹೊಸತು ಉಣ್ತೇನೆ."

"ನನ್ನ ಕೈಯದ್ದು ನಿನಗೆ ಆಗ್ತದಾ?"

"ಅದು ಬಿಟ್ಟ ಮೇಲೆ ಎಲ್ಲಿ ಉಂಡರೂ ನನಗೆ ಉಂಡ ಹಾಗೆ ಆಗ್ಲಿಲ್ಲ ಅಕ್ಕ."

ಅಕ್ಕ ಮುಖ ಬೇರೆ ಕಡೆ ತಿರುಗಿಸಿ, "ಉಣ್ಣು" ಎಂದರು. ಸೌಟು ಬಗ್ಗಿತು. ಒಂದಲ್ಲ, ಮೂರು ಸೌಟು ಅನ್ನ ಬಿತ್ತು. ನಾನು ನನ್ನ ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡೆ.

ಎಲ್ಲರೂ ಶುರು ಮಾಡಿದೆವು. ಸೌತೆಕಾಯಿ, ಅಲಸಂಡೆ ಹಾಕಿದ ಪದಾರ್ಥವನ್ನು ಕಲಸಿ ಬಾಯಿಗಿಟ್ಟೆ. ಏನೋ ಒಂದು ಕಮ್ಮಿ ಅನಿಸಿತು. ಆದರೆ ಅಂಥ ಹೊತ್ತಿನಲ್ಲಿ ಹೇಳುವವರು ಯಾರು? "ಭಾರಿ ಒಳ್ಳೆದುಂಟು" ಎಂದೆ. ಪಕ್ಕದವರೂ ಅದನ್ನೇ ಹೇಳಿದರು. ಸಾಲಿನ ಆ ಕೊನೆಯಿಂದ, "ಉಪ್ಪಿನಕಾಯಿ ಇತ್ತ ಒಮ್ಮೆ ಬರ್ಲಿ" ಎಂದರು. ಈ ಕೊನೆಯಿಂದಲೂ ಕರೆದರು. ಉಪ್ಪಿನಕಾಯಿ ಎರಡನೇ ಸುತ್ತು ಬಂದು ಖಾಲಿಯಾಯಿತು. ನಾನು ಇನ್ನೊಮ್ಮೆ ಹೊಗಳಿದೆ.

ಗೌಡ್ರು ಮಾತ್ರ ತುಟಿ ಬಿಚ್ಚದೆ ಉಣ್ಣುತ್ತಿದ್ದರು. ಅಕ್ಕ ಎರಡು ಸಲ ಅವರ ಎದುರು ಹಾದುಹೋದರು. ಮೂರನೇ ಸಲ ಅವರಿಂದ ತಡೆಯಲಿಕ್ಕೆ ಆಗಲಿಲ್ಲ.

"ಎಂತ ಕಮ್ಮಿ ಉಂಟು, ಹೇಳು."

"ಎಂತದ್ದೂ ಇಲ್ಲ ಅಕ್ಕ. ಒಳ್ಳೆದುಂಟು."

"ನೀನೂ ಇವರ ಹಾಗೆ ಸುಳ್ಳು ಹೇಳುದಾದ್ರೆ ಎದ್ದು ಹೋಗು."

ಗೌಡ್ರು ನನ್ನನ್ನು ನೋಡಿದರು. ನಾನು ಹಪ್ಪಳ ನೋಡಿದೆ. ಅವರು ಕಣ್ಣು ಮುಚ್ಚಿ, ನೀರಿಗೆ ಹಾರುವವರ ಹಾಗೆ ಹೇಳಿಯೇ ಬಿಟ್ಟರು. "ಉಪ್ಪು ಹಾಕ್ಲೇ ಇಲ್ಲ ಅಕ್ಕ."

ಹಿರಿಯರಿಗೆ ಎಡೆ ಇಡುವ ಮೊದಲು ರುಚಿ ನೋಡುವಂತಿಲ್ಲ. ಎಡೆ ಇಟ್ಟ ಮೇಲೆ ಬಡಿಸುವ ಗಡಿಬಿಡಿ. ಅಕ್ಕ ಪಾತ್ರೆಯಿಂದ ಒಂದು ಚೂರು ತೆಗೆದು ನಾಲಿಗೆಗೆ ಹಾಕಿಕೊಂಡರು. ನಿಂತರು. ಮತ್ತೆ ನಮ್ಮ ಇಡೀ ಸಾಲನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದರು. ಎಲ್ಲರೂ ಎಲೆಯೊಳಗೆ ತಲೆ ಹಾಕಿದ್ದರು. ನೋಟ ಬಂದು ನಿಂತದ್ದು ನನ್ನ ಮೇಲೆ.

"ಉಪ್ಪಿನ ಡಬ್ಬಿಗೆ ಕೈ ಹಾಕುವಾಗಲೇ ಇವರು ಬೆಲ್ಟ್ ಹಿಡಿದುಕೊಂಡು ಅಡ್ಡ ಬಂದದ್ದು" ಎಂದರು. "ಈಗ ಎರಡು ಸಲ ಹೊಗಳಿದ್ದೂ ಇವರೇ. ನಿಮ್ಮ ರಿಪೇರಿಯೂ ಹೀಗೆಯಾ ಮಾರಾಯ್ರೆ?"

ಮೊದಲು ನಕ್ಕದ್ದು ಅತ್ತೆ. ಆಮೇಲೆ ಅಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ ಒಳಗೆ ಹೋಗಿ, ಮುಷ್ಟಿ ತುಂಬ ಉಪ್ಪು ಹಿಡಿದು ಬಂದು ತಮ್ಮನ ಎದುರು ಕೂತರು. "ಹಿಡಿ" ಎಂದರು. ಗೌಡ್ರು ಉಣ್ಣುತ್ತಿದ್ದ ಕೈಯನ್ನೇ ಚಾಚಿದರು.

ಮಾವ ಗಾಬರಿಯಿಂದ ಕೋಲು ಎತ್ತಿದರು. "ಹೇ, ಕೈಯಿಂದ ಕೈಗೆ ಉಪ್ಪು ಕೊಡ್ಬಾರ್ದು. ಜಗಳ ಆಗ್ತದೆ."

ಅಕ್ಕ ಉಪ್ಪನ್ನು ತಮ್ಮನ ಅಂಗೈಗೆ ಸುರಿದು, ಅವರ ಬೆರಳುಗಳನ್ನು ತಾವೇ ಮಡಚಿದರು.

"ಜಗಳ ಮೊದಲೇ ಮಾಡಿ ಆಗಿದೆ ಮಾವ. ಉಪ್ಪು ಮಾತ್ರ ಬಾಕಿ ಇತ್ತು."